ಎಣ್ಣೆ ಸೋಕದ ಹಿತ್ತಲು

ನಾನು ಹುಟ್ಟಿ ಬೆಳೆದ ನ್ಯಾಮತಿಯ ಮನೆಯಲ್ಲಿ ಅಪ್ಪ ಸಂಜೆ ಕೆಲಸ ಮುಗಿಸಿ ಬಂದರೆ ಮುಂಬಾಗಿಲಿನಿಂದ ಒಳಗೆ ಕಾಲಿಡುವಂತಿರಲಿಲ್ಲ. ಗೋಡೆ ಪಕ್ಕದ ಸಂದಿಯಲ್ಲಿ ಸೈಕಲ್ ತಳ್ಳಿಕೊಂಡು ಹಿಂದಕ್ಕೆ ಹೋಗಿ, ಬಚ್ಚಲಲ್ಲಿ ಅಂಗಿ ಕಳಚಿ ಬಕೆಟ್ಟಿಗೆ ಹಾಕಿ, ಮೈ ತೊಳೆದುಕೊಂಡು, ಅವ್ವ ತಂತಿಯ ಮೇಲೆ ಹಾಕಿಟ್ಟ ಪಂಚೆ ಉಟ್ಟ ಮೇಲೆಯೇ ಅಡುಗೆಮನೆ ದಾಟಬೇಕು. ಇದು ಅಜ್ಜನ ಕಟ್ಟಳೆ. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಹುಳಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ‘ಎಣ್ಣೆ’ ಅನ್ನುತ್ತಾರೆ. ಇಡೀ ದಿನ ಆ ಎಣ್ಣೆ ಬಾಟಲಿಗಳ ನಡುವೆ ನಿಂತು ನಿಂತು ಅಪ್ಪನ ಅಂಗಿಗೆ, ಕೂದಲಿಗೆ, ಕೊನೆಗೆ ಅವರು ಜೇಬಿನಲ್ಲಿ ನನಗಾಗಿ ತರುತ್ತಿದ್ದ ಶೇಂಗಾ ಚಿಕ್ಕಿಯ ಕಾಗದಕ್ಕೂ ಒಂಥರಾ ಮೂಗು ಕಟ್ಟುವ ವಾಸನೆ ಹತ್ತಿರುತ್ತಿತ್ತು. ಆ ವಾಸನೆ ಬಂದರೆ ಅಪ್ಪ ಬಂದರು ಎಂದು ನನಗೆ ಖುಷಿ. ಅಜ್ಜನಿಗೆ ಮಾತ್ರ ಅದು ಮನೆಗೆ ಬಂದ ಮೈಲಿಗೆ.

ಅಜ್ಜ ಎಂದರೆ ಅಪ್ಪನ ತಂದೆ. ಸಾಸ್ವೆಹಳ್ಳಿಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತಿಯಾಗಿ ನಮ್ಮ ಜೊತೆ ಇರಲು ಬಂದವರು. ಬೆಳಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಒಂದು ಲೋಟ ಹಾಲು. ಅವರು ಬೀದಿಯಲ್ಲಿ ನಡೆದು ಹೋದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ಎರಡು ಮನೆಯವರು ಜಗಳವಾಡಿದರೆ ‘ಮೇಷ್ಟ್ರ ಹತ್ರ ಹೋಗಾಣ ನಡೀರಿ’ ಎಂದು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅವರು ಹೇಳಿದ್ದನ್ನು ಇನ್ನೊಮ್ಮೆ ವಿಚಾರಿಸುವ ಪದ್ಧತಿ ಇರಲಿಲ್ಲ, ಬೀದಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅವ್ವ ಅವರ ಮುಂದೆ ಸೆರಗು ಸರಿಮಾಡಿಕೊಂಡೇ ಮಾತಾಡುತ್ತಿದ್ದಳು. ಅಪ್ಪ ಮಾತೇ ಆಡುತ್ತಿರಲಿಲ್ಲ.

ನನಗೆ ಆಗ ಒಂಬತ್ತು ವರ್ಷ. ಮಾತು ತಡವರಿಸುತ್ತಿತ್ತು. ಅದರಲ್ಲೂ ‘ಅ’ ಅಕ್ಷರದಿಂದ ಶುರುವಾಗುವ ಮಾತಂತೂ ಗಂಟಲಲ್ಲೇ ಸಿಕ್ಕಿಕೊಂಡುಬಿಡುತ್ತಿತ್ತು. ಅಪ್ಪ, ಅವ್ವ, ಅಜ್ಜ, ಉಬ್ರಾಣಿಗೆ ಕೊಟ್ಟ ಅತ್ತೆ: ಮನೆಮಂದಿಯೆಲ್ಲ ಅದೇ ಅಕ್ಷರದವರು. ಹೀಗಾಗಿ ನಾನು ಯಾರನ್ನೂ ಕರೆಯುತ್ತಿರಲಿಲ್ಲ, ಹೋಗಿ ಸೆರಗು ಹಿಡಿದು ಎಳೆಯುತ್ತಿದ್ದೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದೆ. ‘ಸುಮ್ನಿರೋ ರತ್ನಿ’ ಎಂದು ನನಗೆ ಹೆಸರು ಬಿದ್ದಿತ್ತು. ನನ್ನ ಮಾತಿಗಾಗಿ ಕಾಯುತ್ತಿದ್ದವಳು ಒಬ್ಬಳೇ, ಪಕ್ಕದ ಮನೆಯ ರೇಣುಕಾ. ಅವಳ ಅವ್ವ ಮಂಗಳಕ್ಕ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದರು. ನಾನು ಒಂದು ಮಾತು ಮುಗಿಸುವ ತನಕ ರೇಣುಕಾ ಚಿಂದಿ ಬಟ್ಟೆಯಲ್ಲಿ ಗೊಂಬೆ ಮಾಡುತ್ತ ಕೂತಿರುತ್ತಿದ್ದಳು. ಅವಸರ ಮಾಡುತ್ತಿರಲಿಲ್ಲ, ನನ್ನ ಮಾತನ್ನು ತಾನೇ ಮುಗಿಸಿ ಕೊಡಲು ಬರುತ್ತಲೂ ಇರಲಿಲ್ಲ.

ಅಜ್ಜ ಬಂದ ವರ್ಷವೇ ಹಿತ್ತಲಿಗೆ ಕೈ ಹಾಕಿದರು. ಅದು ಆಗ ಹಿತ್ತಲು ಅನ್ನುವಂತಿರಲಿಲ್ಲ. ಹಳೇ ಗೋಡೆ ಕೆಡವಿದ ಇಟ್ಟಿಗೆ ಚೂರು, ಒಡೆದ ಹೆಂಚು, ನಡುವೆ ಪಾರ್ಥೇನಿಯಂ. ಅಜ್ಜನ ಕಣ್ಣು ಮಂದವಾಗಿತ್ತು, ಸಣ್ಣದ್ದು ಕಾಣುತ್ತಿರಲಿಲ್ಲ. ‘ನಿನ್ ಕಣ್ಣು, ನನ್ ಕೈ’ ಎಂದು ನನ್ನನ್ನು ಜೊತೆಗೆ ಕರೆದುಕೊಂಡರು. ಒಂದು ತಿಂಗಳು ನಾವಿಬ್ಬರೂ ಕಲ್ಲು ಆಯ್ದೆವು. ಒಂದು ಮೂಲೆಯಲ್ಲಿ ಗುಂಡಿ ತೋಡಿ ಒಣಗಿದ ಎಲೆ, ಅಡುಗೆಮನೆಯ ಸಿಪ್ಪೆ, ಸಗಣಿ ಪದರ ಪದರವಾಗಿ ಹಾಕಿದೆವು. ಬಚ್ಚಲ ನೀರು ಹರಿದು ಹೋಗುವಲ್ಲಿ ಬಾಳೆ ನೆಟ್ಟು, ಉಳಿದ ನೆಲವನ್ನು ತರಕಾರಿ ಮಡಿ ಮಾಡಿದೆವು. ನೀಲಿ ಡ್ರಮ್ಮಿನಲ್ಲಿ ಸಗಣಿ, ಗಂಜಲ, ಬೆಲ್ಲ, ಕಡ್ಲೆಹಿಟ್ಟು, ಒಂದು ಹಿಡಿ ಮಣ್ಣು ಕಲಸಿ ಜೀವಾಮೃತ ಮಾಡುವುದು. ದಿನಾ ಬೆಳಗ್ಗೆ ಸಂಜೆ ಕೋಲಿನಿಂದ ತಿರುಗಿಸುವುದು ನನ್ನ ಕೆಲಸ. ಮೊದಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದೆ. ನಾಲ್ಕನೇ ದಿನ ಡ್ರಮ್ಮಿನ ವಾಸನೆ ಹುಳಿಯಾಗಿ, ಹಸಿಯಾಗಿ ಬದಲಾಯಿತು. ಅಜ್ಜ ಬಗ್ಗಿ ಮೂಸಿ ತಲೆಯಾಡಿಸಿದರು. ಅಂದಿನಿಂದ ಡ್ರಮ್ಮು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ನನಗೇ ಸಿಕ್ಕಿತು.

ಮೊದಲನೇ ವರ್ಷ ಹುಳಗಳದ್ದೇ ಸುಗ್ಗಿ. ಅವರೆ ಬಳ್ಳಿಯ ಕುಡಿಗೆ ಸಸ್ಯಹೇನು ಮುತ್ತಿ ಕರ್ರಗಾಯಿತು. ಬದನೆಯ ತುದಿ ಜೋತು ಬಿತ್ತು, ಕಾಯಿ ಕೊಯ್ದರೆ ಒಳಗೆ ಹುಳ. ಹೀರೆ ಪಿಂದೆಯಲ್ಲೇ ಕೊಳೆಯಿತು. ಅಜ್ಜ ತಮ್ಮ ಹಳೇ ಹಾಜರಿ ಪುಸ್ತಕದಲ್ಲಿ ಒಂದೊಂದು ಹುಳಕ್ಕೆ ಒಂದೊಂದು ಪುಟ ಇಟ್ಟರು. ನಾನು ಎಲೆ ಮಗುಚಿ ನೋಡಿ ಹೇಳಬೇಕು, ಅವರು ಬರೆಯಬೇಕು. ಹೇನಿಗೆ ಇಬ್ಬನಿ ಆರುವ ಮೊದಲು ಒಲೆಯ ಬೂದಿ. ಬಿಡದಿದ್ದರೆ ಅಂಟವಾಳದ ನೊರೆ. ಜೋತ ಬದನೆ ಕುಡಿಯನ್ನು ಚಿವುಟಿ ಹಾಗೇ ಬಿಸಾಡದೆ ಆಳಕ್ಕೆ ಹೂಳುವುದು. ಹೀರೆಗೆ ಬರುವ ನೊಣಕ್ಕೆ ಬಾಟಲಿ ಕತ್ತರಿಸಿ ಬೆಲ್ಲದ ನೀರಿಟ್ಟು ಬಲೆ. ಟೊಮೆಟೊ ಸುತ್ತ ಚೆಂಡುಹೂವು. ಹುಳ ಹಿಡಿಯುವ ಕಾಜಾಣ ಬಂದು ಕೂರಲೆಂದು ಮಡಿಯ ನಡುವೆ ಕವಲು ಕೋಲು. ಎಲ್ಲಕ್ಕಿಂತ ದೊಡ್ಡದು ಬೇವಿನ ಬೀಜದ ಕಷಾಯ: ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಹಿಂಡಿ ಸೋಸಿ ಸಿಂಪಡಿಸುವ ಕೈಪಂಪಿಗೆ ಹಾಕುವುದು. ಕೈ ಎರಡು ದಿನ ಕಹಿ ಬಿಡುತ್ತಿರಲಿಲ್ಲ. ರೊಟ್ಟಿ ಮುರಿದರೆ ರೊಟ್ಟಿಯೂ ಕಹಿ.

ಕೊಲ್ಲುವುದಕ್ಕಿಂತ ಮೊದಲು ಗುರುತು ಹಿಡಿಯುವುದನ್ನು ಕಲಿಸಿದರು ಅಜ್ಜ. ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಳವನ್ನು ನಾನು ಒಮ್ಮೆ ಹೊಸಕಿ ಹಾಕಿದ್ದೆ. ಅಜ್ಜ ಬೈಯಲಿಲ್ಲ. ಇನ್ನೊಂದು ಗುಲಗಂಜಿ ಹುಳ ಹುಡುಕಿಸಿ, ಹೇನು ಮುತ್ತಿದ ಕುಡಿಯ ಮೇಲೆ ಬಿಟ್ಟು, ಅದು ಒಂದೊಂದೇ ಹೇನು ತಿನ್ನುವುದನ್ನು ನನ್ನಿಂದಲೇ ಎಣಿಸಿದರು.

“ಎಷ್ಟಾತವ್ವ?”

“ಹ... ಹದಿನೇಳು.”

“ನೀನು ಒಂದು ಕೊಂದಿ. ಹದಿನೇಳು ಉಳಕಂಡ್ವು. ಈಗ ಹೇಳು, ಯಾರು ನಮ್ಮೋರು?”

ಆ ಹಿತ್ತಲಲ್ಲಿ ನನ್ನ ಮಾತು ಸಡಿಲವಾಯಿತು. ಯಾಕೆಂದು ನನಗೂ ಗೊತ್ತಿಲ್ಲ. ಬಗ್ಗಿ ಎಲೆ ನೋಡುತ್ತ, ಮುಖ ಯಾರಿಗೂ ತೋರಿಸದೆ ಮಾತಾಡುತ್ತಿದ್ದದ್ದಕ್ಕಿರಬಹುದು. ಅಜ್ಜ ನನಗೆ ‘ಹುಳದ ಡಾಕ್ಟ್ರು’ ಎಂದು ಹೆಸರಿಟ್ಟರು. ಮನೆಗೆ ಬಂದವರ ಮುಂದೆ ‘ನಮ್ ಡಾಕ್ಟ್ರನ್ನ ಕೇಳ್ರಿ’ ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದರು. ನಾನು ಹೇಳುತ್ತಿದ್ದೆ. ತಡವರಿಸಿದರೂ ಹೇಳುತ್ತಿದ್ದೆ. ಒಂದು ದಿನ ಊಟಕ್ಕೆ ಕರೆಯಲು ಬಂದ ಅವ್ವ, ನಾನು ಬಾಳೆ ಬುಡದಲ್ಲಿ ನಿಂತು ‘ಅಜ್ಜ, ಇಲ್ಲಿ ಬಾ’ ಎಂದು ಒಂದೇ ಉಸಿರಿಗೆ ಕೂಗಿದ್ದನ್ನು ಕೇಳಿ ಬಾಗಿಲಿಗೆ ಒರಗಿ ನಿಂತುಬಿಟ್ಟಳು.

ಹಿತ್ತಲಿನ ಮೊದಲ ಹೀರೆಕಾಯಿ ಪಲ್ಯ ತಟ್ಟೆಗೆ ಬಿದ್ದ ದಿನ ಜಗಳವೂ ಆಯಿತು. ಮೂರು ತಿಂಗಳ ದುಡಿಮೆಗೆ ಸಿಕ್ಕಿದ್ದು ನಾಲ್ಕು ಕಾಯಿ. ಅಪ್ಪ ತಮಾಷೆಗೇ ಅಂದರು:

“ಒಂದ್ ಮುಚ್ಚಳ ಎಣ್ಣೆ ಸಾಕಾಗಿತ್ತು ಇದಕ್ಕೆ. ಬುಟ್ಟಿ ತುಂಬ ಬರ್ತಿತ್ತು.”

ಅಜ್ಜ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದರು.

“ಆ ಬುಟ್ಟಿ ನಿನ್ ಅಂಗಡಿ ಗಿರಾಕಿಗೆ ಕೊಡಪ. ಈ ಮನ್ಯಾಗೆ ಎಣ್ಣೆ ಬಂದ ದಿನ ನಾನು ಅನ್ನ ಮುಟ್ಟಾಕಿಲ್ಲ.”

ಎದ್ದು ಹೋದರು. ಮರುದಿನ ಮಧ್ಯಾಹ್ನದ ತನಕ ಏನೂ ತಿನ್ನಲಿಲ್ಲ. ಕೊನೆಗೆ ಅಪ್ಪ ಹೋಗಿ ಮಂಚದ ಹತ್ತಿರ ನಿಂತು ‘ತಪ್ಪಾತು, ಏಳ್ರಿ’ ಅಂದ ಮೇಲೆಯೇ ಎದ್ದದ್ದು. ನಾನು ಅಜ್ಜನ ಪಕ್ಷ. ಅಪ್ಪನ ಮೇಲೆ ಒಂದು ವಾರ ಸಿಟ್ಟು ಮಾಡಿಕೊಂಡೆ. ಅವರು ತಂದ ಚಿಕ್ಕಿಯನ್ನು ರೇಣುಕಾಗೆ ಕೊಟ್ಟುಬಿಟ್ಟೆ.

ಎರಡನೇ ವರ್ಷ ಹಿತ್ತಲು ನಮ್ಮ ಮಾತು ಕೇಳತೊಡಗಿತು. ಮಣ್ಣು ಮೆತ್ತಗಾಗಿ ಬೆರಳು ಹೂತುಹೋಗುತ್ತಿತ್ತು. ಬೆಂಡೆ, ಬದನೆ, ಟೊಮೆಟೊ, ಮೆಂತ್ಯೆ, ಪುಂಡಿ ಸೊಪ್ಪು ಮನೆಗೆ ಸಾಕಾಗಿ ಬೀದಿಗೂ ಮಿಕ್ಕಿತು. ಅಜ್ಜ ಎಲ್ಲವನ್ನೂ ಹಂಚುತ್ತಿದ್ದರು. ಶಾಲೆ ಬಿಟ್ಟು ಬಂದ ನಾವಿಬ್ಬರೂ, ನಾನು ಮತ್ತು ರೇಣುಕಾ, ಎಳೆ ಬೆಂಡೆಕಾಯಿಯನ್ನು ಗಿಡದಿಂದಲೇ ಚಿವುಟಿ ಕಚಕಚ ತಿನ್ನುತ್ತಿದ್ದೆವು. ‘ತೊಳೀದೆ ತಿನ್ನಬೌದಾದ ತ್ವಾಟ ಇದೊಂದೇ’ ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತು ಬಾಯಿಂದ ಬಾಯಿಗೆ ಹೋಗಿ, ಹೊನ್ನಾಳಿ ಚನ್ನಗಿರಿ ಕಡೆಯ ಸಾವಯವ ಕೃಷಿಯ ಆಸಕ್ತರು ಒಂದು ಟೆಂಪೋ ಮಾಡಿಕೊಂಡು ನಮ್ಮ ಹಿತ್ತಲು ನೋಡಲು ಬರುವುದೆಂದು ತೀರ್ಮಾನವಾಯಿತು. ಅವರ ಮುಂದೆ ಹುಳದ ವಿಚಾರ ಹೇಳುವವಳು ನಾನೇ ಎಂದರು ಅಜ್ಜ. ದಿನಾ ಸಂಜೆ ನನ್ನನ್ನು ಕಲ್ಲಿನ ಮೇಲೆ ನಿಲ್ಲಿಸಿ ಪಾಠ ಮಾಡಿಸಿದರು. ರೇಣುಕಾ ಒಬ್ಬಳೇ ನನ್ನ ಸಭಿಕಳು.

ಟೆಂಪೋ ಬರಲು ಹತ್ತು ದಿನ ಇರುವಾಗ ಬೆಂಡೆ ಸಾಲಿನಲ್ಲಿ ಬಿಳೀ ಹತ್ತಿಯಂಥದ್ದು ಕಂಡಿತು. ಹಿಟ್ಟು ತಿಗಣೆ. ಬೇವಿನ ಕಷಾಯ ಹೊಡೆದೆವು. ಮೈಮೇಲೆ ಮೇಣವಿರುವ ಹುಳ, ನೀರು ಜಾರಿ ಹೋಯಿತು. ಅಂಟವಾಳ ಬೆರೆಸಿ ಹೊಡೆದೆವು. ಬಟ್ಟೆಯಿಂದ ಒಂದೊಂದೇ ಕಾಂಡ ಒರೆಸಿದೆ. ಮೂರು ದಿನಕ್ಕೆ ಬೆಂಡೆಯಿಂದ ಬದನೆಗೆ ದಾಟಿತು. ಎಲೆ ಮುರುಟಿ, ಕೆಳಗೆಲ್ಲ ಅಂಟಂಟು, ಅದಕ್ಕೆ ಇರುವೆಗಳ ಸಾಲು. ಅಜ್ಜ ಊಟ ಕಡಿಮೆ ಮಾಡಿದರು. ‘ಮುಂದಕ್ಕೆ ಹಾಕ್ರಿ ಮಾವ, ತಿಂಗಳು ಬಿಟ್ಟು ಬರಾಕೆ ಹೇಳ್ರಿ’ ಅಂದಳು ಅವ್ವ. ಅಜ್ಜ ಅವಳ ಕಡೆ ನೋಡಿದ ರೀತಿಗೆ ಅವಳು ಒಳಗೆ ಹೋದಳು. ಮರುದಿನ ಬೆಳಗ್ಗೆ ಅಜ್ಜ ನನ್ನನ್ನು ಕರೆದು ತಲೆ ಸವರಿದರು.

“ಉಬ್ರಾಣಿ ಅತ್ತೆ ನಿನ್ನ ಕಳ್ಸು ಅಂತ ಹೇಳಿ ಕಳ್ಸ್ಯಾಳೆ. ಮೂರು ದಿನ ಇದ್ದು ಬಾರವ್ವ.”

“ಹುಳ?”

“ಹುಳ ನಾನು ನೋಡ್ಕಂತೀನಿ. ನೀನು ಮಾತು ಬಾಯಿಪಾಠ ಮಾಡು.”

ಅವ್ವ ನನ್ನನ್ನು ಚನ್ನಗಿರಿ ಮೇಲಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಅತ್ತೆ ನನ್ನನ್ನು ಕಂಡು ‘ಇದೇನೇ ಹೇಳದೆ ಕೇಳದೆ ಬಂದ್ರಿ’ ಎಂದು ಆಶ್ಚರ್ಯಪಟ್ಟಳು. ಹೇಳಿ ಕಳಿಸಿದವಳು ಹೀಗೇಕೆ ಕೇಳುತ್ತಾಳೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ತಿರುಗಿ ಬಂದದ್ದು ಟೆಂಪೋ ಬರುವ ಹಿಂದಿನ ಸಂಜೆ. ಚಪ್ಪಲಿ ಬಿಡುವ ಮೊದಲು ಹಿತ್ತಲಿಗೆ ಓಡಿದೆ. ಬೆಂಡೆ ಗಿಡಗಳು ತೊಳೆದಿಟ್ಟಂತೆ ನಿಂತಿದ್ದವು. ಒಂದು ಬಿಳಿ ಚುಕ್ಕೆಯಿಲ್ಲ, ಒಂದು ಇರುವೆಯಿಲ್ಲ. ಎಲ್ಲ ಕಡೆ ಗಂಜಲ ಚಿಮುಕಿಸಿದ್ದರು, ಮೂಗಿಗೆ ಹೊಡೆಯುವಷ್ಟು. ಗಂಜಲದ ಕೆಳಗೆ ಇನ್ನೊಂದು ವಾಸನೆಯಿತ್ತು. ಅಪ್ಪನ ಅಂಗಿ ತಂತಿಯ ಮೇಲೆ ಒಣಗುತ್ತಿತ್ತು, ಅದರದ್ದೇ ಇರಬೇಕು ಅಂದುಕೊಂಡೆ. ಬಗ್ಗಿ ನೋಡಿದರೆ ಬದನೆ ಬುಡದಲ್ಲಿ ಗುಲಗಂಜಿ ಹುಳಗಳು ಅಂಗಾತ ಬಿದ್ದಿದ್ದವು. ಏಳನ್ನು ಅಂಗೈಯಲ್ಲಿ ಎತ್ತಿಕೊಂಡು ಅಜ್ಜನ ಹತ್ತಿರ ಹೋದೆ.

“ಅಜ್ಜ, ಇವು ಯಾಕೆ ಸತ್ತಾವೆ?”

ಅಜ್ಜ ಅಂಗೈಯನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು.

“ಬಿಸಿಲು ಜಾಸ್ತಿ ಐತಲ್ಲವ್ವ. ತಿನ್ನಾಕೆ ಹುಳನೂ ಉಳೀಲಿಲ್ಲ, ಸತ್ವು. ನಮ್ ಕಷಾಯ ಹೆಂಗೆ ಹತ್ತೇತಿ ನೋಡಿದ್ಯಾ?”

ನಂಬಿದೆ. ಮರುದಿನ ಬೆಳಗ್ಗೆ ಎದ್ದು, ನೆನೆಹಾಕಿದ್ದ ಬೇವಿನ ಬೀಜ ಹಿಂಡಿ, ಕೈಪಂಪಿಗೆ ಹಾಕಿ ಎಂದಿನಂತೆ ಗಿಡಗಳಿಗೆ ಹೊಡೆದೆ. ಬೇಲಿಯಾಚೆ ಬಟ್ಟೆ ಒಗೆಯುತ್ತಿದ್ದ ಮಂಗಳಕ್ಕ ‘ಡಾಕ್ಟ್ರು ಬೆಳಬೆಳಗ್ಗೆ ಡ್ಯೂಟಿಗೆ ಬಂದ್ರಾ’ ಎಂದು ನಕ್ಕರು.

ನಲವತ್ತು ಜನ ಬಂದಿದ್ದರು. ಪಂಚೆಯವರು, ಪ್ಯಾಂಟಿನವರು, ಹೊನ್ನಾಳಿಯ ನಾಲ್ಕು ಜನ ಹೆಂಗಸರು, ಮೊಬೈಲಿನಲ್ಲಿ ಫೋಟೋ ತೆಗೆಯುವ ಒಬ್ಬರು. ನಾನು ಕಲ್ಲಿನ ಮೇಲೆ ನಿಂತೆ. ರೇಣುಕಾ ನನ್ನ ಪಕ್ಕದಲ್ಲೇ ನಿಂತಳು, ಹೊಸ ಲಂಗ ಹಾಕಿಕೊಂಡು. ಹೇನು, ಕಾಯಿಕೊರಕ, ಹೀರೆ ನೊಣ, ಒಂದೂ ಬಿಡಲಿಲ್ಲ. ಮಾತು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಬಾಗಿಲಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಯಲ್ಲಿ ಅಜ್ಜ ಕಲಿಸಿಕೊಟ್ಟ ಮಾತನ್ನೇ ಹೇಳಿದೆ: ‘ನಮ್ಮ ತೋಟಕ್ಕೆ ಎಣ್ಣೆ ಸೋಕಿಲ್ಲ. ನಮ್ಮ ಕಾಯಿ ಗಿಡದಿಂದಲೇ ತಿನ್ನಬಹುದು.’ ಹೇಳಿ, ಬಗ್ಗಿ ಎಳೆ ಬೆಂಡೆಕಾಯಿ ಚಿವುಟಿದೆ. ರೇಣುಕಾಗೊಂದು, ನನಗೊಂದು. ನನ್ನದು ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಅಜ್ಜ ನನ್ನ ಮುಂಗೈ ಹಿಡಿದರು.

“ನೀನು ಮಾತಾಡವ್ವ. ಆಮೇಲೆ ತಿನ್ನುವಂತಿ.”

ರೇಣುಕಾ ತಿಂದಳು. ಜನ ಚಪ್ಪಾಳೆ ತಟ್ಟಿದರು. ಫೋಟೋದವರು ‘ಇನ್ನೊಂದ್ ಸಲ ತಿನ್ನು ಮರಿ’ ಅಂದರು. ಅವಳು ಇನ್ನೊಂದು ತಿಂದಳು, ನಾಚುತ್ತ ಮತ್ತೊಂದು. ಚಪ್ಪಾಳೆ ಬಂದ ಹಾಗೆಲ್ಲ ಅವಳಿಗೆ ಹುರುಪು. ಐದೋ ಆರೋ ತಿಂದಿರಬೇಕು. ಅಜ್ಜನ ಕೈ ನನ್ನ ಮುಂಗೈ ಬಿಟ್ಟಿರಲಿಲ್ಲ. ಅವರ ಬೆರಳು ಒದ್ದೆಯಾಗಿದ್ದವು. ಅವರು ಅವಳನ್ನೇ ನೋಡುತ್ತಿದ್ದರು, ಮತ್ತು ಏನೂ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರೇಣುಕಾಗೆ ಹೊಟ್ಟೆನೋವು ಶುರುವಾಯಿತು. ಆಮೇಲೆ ವಾಂತಿ. ಬಾಯಿಂದ ನೀರು ಸುರಿಯತೊಡಗಿತು, ಮೈಯೆಲ್ಲ ಬೆವೆತು ತಣ್ಣಗಾಯಿತು. ಅವಳಪ್ಪ ಆಟೋ ಮಾಡಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿಯ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದವರೇ, ಎಣ್ಣೆ ಹೊಡೆದದ್ದು ಏನಾದರೂ ತಿಂದಿದ್ದಾಳಾ ಎಂದು ಕೇಳಿದರಂತೆ. ಮಂಗಳಕ್ಕ ಆಸ್ಪತ್ರೆಯಲ್ಲಿ ಗಂಡನನ್ನು ಬಿಟ್ಟು, ಬಟ್ಟೆ ತೆಗೆದುಕೊಂಡು ಹೋಗಲು ಬಂದವರು ನೇರವಾಗಿ ನಮ್ಮ ಪಡಸಾಲೆಗೆ ಬಂದರು. ತಲೆಗೂದಲು ಬಿಚ್ಚಿತ್ತು. ಅಜ್ಜ ಮಂಚದ ಮೇಲೆ, ಅಪ್ಪ ಕಂಬದ ಹತ್ತಿರ, ಅವ್ವ ಅಡುಗೆಮನೆ ಹೊಸಿಲಲ್ಲಿ. ನಾನು ಅವ್ವನ ಹಿಂದೆ.

“ಮೇಷ್ಟ್ರೆ, ಸತ್ಯ ಹೇಳ್ರಿ. ತ್ವಾಟಕ್ಕೆ ಎಣ್ಣೆ ಹೊಡೆದೀರೇನು? ಯಾವ್ದು ಅಂತ ಕೇಳ್ತಾ ಅದಾರೆ ಡಾಕ್ಟ್ರು.”

 ಅಜ್ಜ ಪಾಠ ಮಾಡುವ ದನಿಯಲ್ಲೇ ಹೇಳಿದರು:

“ನಾನು ಹೊಡೀತೀನಾ ಮಂಗಳಾ? ನಿಂಗೆ ಗೊತ್ತಿಲ್ಲೇನು? ಕಷಾಯ ಕಲ್ಸೋಳು ಈ ಹುಡುಗಿ. ಬೆಳಿಗ್ಗೆ ಈಕೇನೇ ಹೊಡೆದ್ಲು, ನೀನೂ ನೋಡೀಯ. ಇವರಪ್ಪ ಅಂಗಡಿ ಬಾಟ್ಲಿ ಬಚ್ಚಲದಾಗೆ ಇಟ್ಟಿದ್ನೇನೋ. ತಿಳೀದ ಮಗು, ಕಲ್ಸಿಬಿಟ್ಟೈತೆ.”

ಯಾವ ಎಣ್ಣೆ ಎಂದು ಅಪ್ಪ ಹೆಸರು ಹೇಳಿದರು. ಅದನ್ನು ಮಾತ್ರ ಹೇಳಿದರು. ಹೇಳುವಾಗ ನೆಲ ನೋಡುತ್ತಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ‘ಅಜ್ಜ ಸುಳ್ಳು ಹೇಳ್ತಾರೆ’ ಅನ್ನಬೇಕಿತ್ತು. ಮೊದಲ ಅಕ್ಷರವೇ ಹೊರಗೆ ಬರಲಿಲ್ಲ. ಅ... ಅ... ಎನ್ನುತ್ತ ನಿಂತೆ, ಗಂಟಲ ನರ ಉಬ್ಬಿ ನೋಯುವ ತನಕ. ನಾನು ಹೇಳಲಾರೆ ಎಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅಜ್ಜ. ಅವ್ವ ನನ್ನ ಕೆನ್ನೆಗೆ ಹೊಡೆದಳು. ಮಂಗಳಕ್ಕ ‘ಬಿಡ್ರಿ, ಮಗುಗೇನು ತಿಳೀತೈತೆ’ ಎಂದು ಅಳುತ್ತ ಹೊರಟುಹೋದರು.

ರೇಣುಕಾ ಉಳಿದಳು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ನಮ್ಮ ಮನೆಗೆ ಬರಲಿಲ್ಲ. ಬೇಲಿಯ ಹತ್ತಿರ ನಾನು ನಿಂತರೆ ಒಳಗೆ ಹೋಗುತ್ತಿದ್ದಳು. ಶಾಲೆಯಲ್ಲಿ ಅವಳು ಬೇರೆ ಬೆಂಚಿಗೆ ಹೋದಳು. ನನಗೆ ‘ಎಣ್ಣೆ ರತ್ನಿ’ ಎಂದು ಹೊಸ ಹೆಸರು ಬಂತು. ನಾನು ಮುಟ್ಟಿದ ಬುತ್ತಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಜ್ಜ ಮನೆಯಲ್ಲಿ ನನ್ನ ಮೇಲೆ ಹಿಂದಿಗಿಂತ ಪ್ರೀತಿ ತೋರಿಸಿದರು. ತಮ್ಮ ಪಾಲಿನ ಹಾಲು ನನಗೆ ಕೊಡಿಸಿದರು. ಒಮ್ಮೆ ತಲೆ ಸವರಿ, ‘ಮಕ್ಕಳ ತಪ್ಪನ್ನ ಯಾರೂ ಮನಸ್ಸಿಗೆ ಹಚ್ಕಳ್ಳಲ್ಲವ್ವ’ ಅಂದರು. ಅವರು ಅಷ್ಟು ಸ್ಪಷ್ಟವಾಗಿ ಹೇಳುವಾಗ, ಒಂದೊಂದು ದಿನ ನನಗೇ ಅನುಮಾನ ಬರುತ್ತಿತ್ತು: ಬೆಳಗ್ಗೆ ಕತ್ತಲಲ್ಲಿ ನಾನೇ ಯಾವುದೋ ಬಾಟಲಿ ಸುರಿದೆನೇ?

ಆ ಅನುಮಾನ ಕಳೆದವಳು ಅವ್ವ. ಬಚ್ಚಲ ಒಲೆಯ ಸೌದೆ ಇಳಿಸುವಾಗ ಹಿಂದುಗಡೆ ಖಾಲಿ ಬಾಟಲಿಯೊಂದು ಸಿಕ್ಕಿತು, ಅಜ್ಜನ ಹಳೇ ಟವೆಲ್ಲಿನಲ್ಲಿ ಸುತ್ತಿದ್ದು. ಸೌದೆ ಹಿಡಿದು ನಿಂತಿದ್ದ ನಾನು ನೋಡಿದೆ. ಅವ್ವ ಅದನ್ನು ಬೇರೆ ಯಾರಿಗೂ ತೋರಿಸಲಿಲ್ಲ. ಮಧ್ಯಾಹ್ನ ಅಪ್ಪ, ಅಜ್ಜ ಊಟಕ್ಕೆ ಕೂತಾಗ ರೊಟ್ಟಿ, ಬೇಳೆ ಬಡಿಸಿ, ಅಜ್ಜನ ತಟ್ಟೆಯ ಅಂಚಿಗೆ ಮೂರು ಹಸೀ ಬೆಂಡೆಕಾಯಿ ಇಟ್ಟಳು.

“ನಮ್ ಹಿತ್ಲದ್ದೇ ಮಾವ. ಆ ಸಾಲಿಂದೇ. ಈಗ ಕಿತ್ಕಂಡು ಬಂದೆ, ತೊಳೆದಿಲ್ಲ. ತಿನ್ರಿ.”

ಅಜ್ಜ ಬೆಂಡೆಕಾಯಿ ನೋಡಿದರು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.  ಅಜ್ಜ ಕೊನೆಗೆ ಲೋಟದ ನೀರಿನಲ್ಲಿ ತಟ್ಟೆಯಲ್ಲೇ ಕೈ ತೊಳೆದು, ಎದ್ದು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವ್ವ ಅಪ್ಪನ ಕಡೆ ತಿರುಗಿದಳು.

“ನೀವೇ ತಂದುಕೊಟ್ರಾ?”

“ಕೇಳಿದ್ರು. ಕೊಡಲ್ಲ ಅನ್ನಾಕೆ ಆಗ್ಲಿಲ್ಲ,” ಅಂದರು ಅಪ್ಪ.

ಈಗ ಎಲ್ಲ ಸರಿಯಾಗುತ್ತದೆ ಎಂದು ನನಗೆ ಅನಿಸಿತು. ಅವ್ವ ಈಗ ಸೆರಗು ಸಿಕ್ಕಿಸಿಕೊಂಡು ಮಂಗಳಕ್ಕನ ಮನೆಗೆ ಹೋಗುತ್ತಾಳೆ, ನನ್ನನ್ನೂ ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡೆ. ಅವಳು ತಟ್ಟೆ ಎತ್ತಿದಳು, ನೆಲ ಒರೆಸಿದಳು. ನಾನು ಸೆರಗು ಹಿಡಿದು ಬೇಲಿಯ ಕಡೆ ಎಳೆದೆ. ಅವಳು ಕೂತು ನನ್ನನ್ನು ತಬ್ಬಿಕೊಂಡಳು.

“ನನಗೆ ಗೊತ್ತಾತಲ್ಲೇ, ನೀನಲ್ಲ ಅಂತ. ಸಾಕು ಬಿಡು. ಮನೆ ಮಾನ ಬೀದಿಗೆ ಹಾಕಾಕೆ ಆಗ್ತೈತಾ?”

ಆ ತಬ್ಬುಗೆಯಿಂದ ಬಿಡಿಸಿಕೊಂಡು ನಾನೊಬ್ಬಳೇ ಹೋದೆ. ಮಂಗಳಕ್ಕ ಮೆಷಿನ್ನಿನ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದರು. ರೇಣುಕಾ ಒಳಗೆ ಮಲಗಿದ್ದಳು. ಬಾಗಿಲಲ್ಲಿ ನಿಂತು ಅ... ಅ... ಎಂದೆ. ಮೆಷಿನ್ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಕೊನೆಗೆ ಅಜ್ಜ ಎಂಬ ಮಾತನ್ನೇ ಬಿಟ್ಟು ಬೇರೆ ದಾರಿ ಹಿಡಿದೆ.

“ಮ... ಮೇಷ್ಟ್ರು ಹೊಡೆದದ್ದು. ನಾನಲ್ಲ.”

ಮಂಗಳಕ್ಕನ ಕಾಲು ನಿಂತಿತು. ಸೂಜಿಯ ಕಡೆಯಿಂದ ಕಣ್ಣು ಎತ್ತದೆ ಹೇಳಿದರು:

“ಅಷ್ಟು ದೊಡ್ಡೋರ ಮೇಲೆ ಹಾಕ್ತೀಯೇನೇ? ಹೋಗು, ಮನೀಗೆ ಹೋಗು.”

ಹೋದೆ. ಅಲ್ಲಿಂದ ಮುಂದೆ ಸುಮಾರು ಎರಡು ವರ್ಷ ನಾನು ಮನೆಯ ಹೊರಗೆ ಮಾತೇ ಆಡಲಿಲ್ಲ. ಹಿತ್ತಲಿಗೂ ಇಳಿಯಲಿಲ್ಲ. ಅಜ್ಜನೂ ಇಳಿಯಲಿಲ್ಲ. ಪಾರ್ಥೇನಿಯಂ ಮತ್ತೆ ಬಂತು. ಅಪ್ಪ ಮಾತ್ರ ಎಂದಿನಂತೆ ಹಿಂದಿನಿಂದ ಬಂದು, ಸ್ನಾನ ಮಾಡಿ, ಪಂಚೆ ಉಟ್ಟು ಒಳಗೆ ಬರುತ್ತಿದ್ದರು.

ನಾನು ಈಗ ಜಗಳೂರಿನ ಹತ್ತಿರ ಒಂದು ಶಾಲೆಯಲ್ಲಿ ಟೀಚರ್. ಮಾತು ಒಂದೊಂದು ದಿನ ಇನ್ನೂ ಹಿಡಿಯುತ್ತದೆ, ಮಕ್ಕಳು ಕಾಯುತ್ತಾರೆ. ಶಾಲೆಯ ಹಿಂದೆ ಕೆಂಪು ನೆಲದಲ್ಲಿ ನಾವು ಮಾಡಿರುವ ತೋಟಕ್ಕೆ ಎಣ್ಣೆ ಸೋಕಿಸುವುದಿಲ್ಲ. ಹುಳ ಬಿದ್ದು ಇಡೀ ಸಾಲು ಹೋದರೆ ಹೋಯಿತೆಂದು ಬೋರ್ಡಿನ ಮೇಲೆ ಬರೆಸುತ್ತೇನೆ, ನೋಡಲು ಬಂದವರಿಗೆ ಆ ಸಾಲನ್ನೇ ಮೊದಲು ತೋರಿಸುತ್ತೇನೆ.

ನ್ಯಾಮತಿ ತಾಲ್ಲೂಕಾದ ಮೇಲಿನ ಒಂದು ದಸರಾ ರಜೆಗೆ ನಾನು ಊರಿಗೆ ಹೋದಾಗ ಅಜ್ಜ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಒಂದು ಮಧ್ಯಾಹ್ನ ಮಂಗಳಕ್ಕನನ್ನು ಕರೆಸು ಅಂದರು. ಕೊನೆಗೂ ಹೇಳುತ್ತಾರೆ ಎಂದು ನಾನೇ ಓಡಿ ಹೋಗಿ ಕರೆತಂದೆ. ಮಂಗಳಕ್ಕ ಮಂಚದ ಪಕ್ಕ ಕುರ್ಚಿಯಲ್ಲಿ ಕೂತರು.

“ರೇಣುಕಾ ಹೆಂಗದಾಳೆ?”

“ಆರಾಮ್ ಅದಾಳ್ರಿ ಮೇಷ್ಟ್ರೆ. ಮೊನ್ನೆ ಎರಡ್ನೇದು ಹೆಣ್ಣಾತು.”

“ಒಳ್ಳೇದಾಗ್ಲಿ. ಚೆನ್ನಾಗಿರ್ಲಿ.”

ಅಷ್ಟೇ. ಅಜ್ಜ ಕೈ ಎತ್ತಿ ಆಶೀರ್ವಾದ ಮಾಡಿ ನನ್ನ ಕಡೆ ನೋಡಿದರು, ದೊಡ್ಡದೊಂದು ಕೆಲಸ ಮುಗಿಸಿದವರ ಹಾಗೆ. ನಾನು ಮಂಗಳಕ್ಕನ ಹಿಂದೆಯೇ ಗೇಟಿನ ತನಕ ಹೋದೆ.

“ಅವತ್ತು ಎಣ್ಣೆ ಹೊಡೆದದ್ದು ಅಜ್ಜ. ನಾನು ನಿಮ್ಮನೀಗೆ ಬಂದು ಹೇಳಿದ್ದು ನಿಜ ಇತ್ತು.”

ಮಂಗಳಕ್ಕ ಗೇಟಿನ ಚಿಲಕ ಹಿಡಿದುಕೊಂಡು ನಿಂತರು.

“ಗೊತ್ತಿತ್ತವ್ವ.”

“ಯಾವಾಗಿಂದ?”

“ಮಾರನೇ ದಿನಾನೇ. ನಿಮ್ಮಪ್ಪ ಆಸ್ಪತ್ರೆಗೆ ಬಂದು ಎಲ್ಲ ಹೇಳಿ ಕೈ ಮುಗಿದ್ರು. ನಮ್ಮಪ್ಪನ ಮಾನ ಉಳಿಸ್ರಿ ಅಂದ್ರು. ಮಾತು ಕೊಟ್ಟಿದ್ದೆ.”

“ನಾನು ಬಂದಾಗ ಗೊತ್ತಿದ್ದೂ ಬೈದ್ರಾ?”

“ನೀನು ಸಣ್ಣಾಕಿ. ಮರೀತಿ ಅಂದ್ಕಂಡ್ವಿ.”

ಅಂದ್ಕಂಡ್ವಿ. ಆ ಮಾತಿನಲ್ಲಿ ಎಷ್ಟು ಜನ ಇದ್ದರೆಂದು ನಾನು ಅಲ್ಲೇ ನಿಂತು ಎಣಿಸಿದೆ. ಅಜ್ಜ, ಅಪ್ಪ, ಅವ್ವ, ಮಂಗಳಕ್ಕ, ಅವರ ಗಂಡ. ಆ ಲೆಕ್ಕದ ಹೊರಗೆ ಉಳಿದವರು ಮಕ್ಕಳಿಬ್ಬರೇ.

“ರೇಣುಕಾಗೆ?”

ಮಂಗಳಕ್ಕ ಚಿಲಕ ತೆಗೆದರು.

“ಆಕಿಗೆ ಹೇಳಿಲ್ಲ. ನೀನೇ ಅಂತಾನೇ ತಿಳ್ಕಂಡಾಳೆ.”

ಅವರಿಂದ ನಂಬರ್ ತೆಗೆದುಕೊಂಡೆ. ‘ಈಗ್ಯಾಕವ್ವ’ ಎಂದರು, ಆದರೆ ಕೊಟ್ಟರು. ಒಳಗೆ ಬಂದು ಅಜ್ಜನ ಮಂಚದ ಪಕ್ಕದ ಅದೇ ಕುರ್ಚಿಯಲ್ಲಿ ಕೂತೆ. ಅಜ್ಜ ನನ್ನ ಮುಖ ನೋಡಿ ಕೇಳಿದರು:

“ಸಿಟ್ಟೈತಾ ರತ್ನಿ, ನನ್ ಮೇಲೆ?”

“ಐತೆ.”

ಅವರು ಬೇರೆ ಉತ್ತರಕ್ಕೆ ಕಾದರು. ನಾನು ಫೋನ್ ಹಚ್ಚಿದೆ. ರೇಣುಕಾ ಎತ್ತಿದಳು. ಯಾರೆಂದು ಹೇಳಿದೆ. ಅತ್ತ ಕಡೆ ಎಳೆಗೂಸು ಒಂದು ಕುಂಯ್‌ಗುಡುತ್ತಿತ್ತು. ಮೊದಲಿನಿಂದ ಕೊನೆಯ ತನಕ ಹೇಳಿದೆ: ಉಬ್ರಾಣಿಗೆ ಕಳಿಸಿದ್ದು, ಬಾಟಲಿ ಸಿಕ್ಕಿದ್ದು, ಅವಳವ್ವನ ಮೆಷಿನ್ನಿನ ಮುಂದೆ ನಾನು ನಿಂತಿದ್ದು. ನಡುವೆ ಎರಡು ಕಡೆ ಮಾತು ಹಿಡಿಯಿತು. ರೇಣುಕಾ ಕಾದಳು. ಅಜ್ಜ ಸೂರು ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು, ಕಣ್ಣು ಮುಚ್ಚಲಿಲ್ಲ. 

“ಮದ್ವೆಗೂ ಕರೀಲಿಲ್ಲಲ್ಲೇ ನಿನ್ನ,” ಅಂದಳು. ಆಮೇಲೆ ಅತ್ತಳು.

ಫೋನ್ ಇಟ್ಟೆ.

“ಏನಂದ್ಲು?” ಎಂದರು ಅಜ್ಜ.

ನಾನು ಗಂಜಿ ಆರಿಸಿ, ಚಮಚದಲ್ಲಿ ಅವರ ಬಾಯಿಗೆ ಹಿಡಿದೆ. ಅವರು ಇನ್ನೊಮ್ಮೆ ಕೇಳಿದರು. ಅವರು ಕೇಳಿದ್ದನ್ನೆಲ್ಲ ಜೀವಮಾನವಿಡೀ ಈ ಮನೆ ಕೊಟ್ಟಿತ್ತು. ರೇಣುಕಾ ಅಂದದ್ದನ್ನು ನಾನು ಕೊಡಲಿಲ್ಲ.